ಸೊಂಟಕ್ಕೊಪ್ಪುವ ಹೋಲ್‌ಸ್ಟರು

ಕೆನಡಾಕ್ಕೆ ಹೋಗಿಬಂದೆ ಎಂದ ತಕ್ಷಣ ಎಲ್ಲರೂ ನಯಾಗರದ ಬಗ್ಗೆ ಕೇಳುತ್ತಾರೆ. ನೋಡಿದೆ. ನೀರು ಬೀಳುತ್ತದೆ, ತುಂಬಾ ಬೀಳುತ್ತದೆ. ಆದರೆ 2012ರ ಬೇಸಿಗೆಯ ಎರಡು ತಿಂಗಳು ಟೊರಾಂಟೊ ಸುತ್ತಮುತ್ತ ನಾನು ಹುಡುಕಿ ಸುಸ್ತಾಗಿದ್ದು ನೀರಿಗಲ್ಲ, ಒಂದು ಪಿಸ್ತೂಲಿನ ಚೀಲಕ್ಕೆ. ಸೊಂಟದ ಒಳಗೆ, ಬಟ್ಟೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕೂರುವ ಹೋಲ್‌ಸ್ಟರು. ಅದೂ ಹೆಂಗಸಿನ ಸೊಂಟಕ್ಕೆ.

ನಾನು ಬೆಂಗಳೂರು ಪೊಲೀಸಿನಲ್ಲಿ ಎಎಸ್‌ಐ. ಒಂಬತ್ತು ವರ್ಷದಿಂದ ಜೀವ ಬೆದರಿಕೆ ಇರುವ ಮೇಡಂ ಒಬ್ಬರಿಗೆ ಅಂಗರಕ್ಷಕಿ. ಅವರ ಹೆಸರು ಇಲ್ಲಿ ಬೇಡ. ನಮ್ಮ ಯೂನಿಟ್ಟಿನಲ್ಲಿ ಈ ಕೆಲಸಕ್ಕಿರುವ ಹೆಂಗಸು ನಾನೊಬ್ಬಳೇ, ಆದರೂ ನನ್ನನ್ನು ಎಲ್ಲರೂ ಕರೆಯುವುದು ಗನ್‌ಮ್ಯಾನ್ ಎಂದೇ. ಯಾವಾಗಲೂ ಮಫ್ತಿಯಲ್ಲಿರಬೇಕು, ಪಿಸ್ತೂಲು ಕಾಣಬಾರದು, ಬೇಕಾದಾಗ ಕಣ್ಣುಮಿಟುಕಿಸುವಷ್ಟರಲ್ಲಿ ಕೈಗೆ ಬರಬೇಕು. ಗಂಡಸರಿಗೆ ಪ್ಯಾಂಟಿದೆ, ಪ್ಯಾಂಟಿಗೆ ಬೆಲ್ಟಿದೆ, ಮೇಲೆ ಇಳಿಬಿಟ್ಟ ಸಫಾರಿ ಅಂಗಿ ಇದೆ. ನನಗಿರುವುದು ಲಾಡಿ. ಸೀರೆ ಉಟ್ಟರೆ ಲಂಗದ ಲಾಡಿ, ಚೂಡಿದಾರ ಹಾಕಿದರೆ ಪೈಜಾಮದ ಲಾಡಿ.

ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಚರ್ಮದ ಚೀಲ ಮಾಡಿಸಿದೆ. ಬೆವರಿಗೆ ನೆಂದು, ಒಣಗಿ, ಸೆಟೆದು, ಸೊಂಟದ ಮೂಳೆಯ ಮೇಲೆ ರೂಪಾಯಿಯಗಲ ಹುಣ್ಣಾಯಿತು. ಕೊನೆಗೆ ಪಿಸ್ತೂಲನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳತೊಡಗಿದೆ. ಒಂದು ಮದುವೆ ಛತ್ರದಲ್ಲಿ ಯಾರೋ ಹೆಂಗಸು ತನ್ನ ಬ್ಯಾಗೆಂದು ನನ್ನದನ್ನು ಎತ್ತಿಕೊಂಡು ಹೊರಟರು. ಬಾಗಿಲಲ್ಲೇ ಹಿಡಿದೆ. ಎರಡೇ ನಿಮಿಷ, ಆದರೆ ಆ ಎರಡು ನಿಮಿಷ ನನ್ನ ಜೀವ ಬಾಯಿಗೆ ಬಂದಿತ್ತು. ಸುದ್ದಿ ಡಿಸಿಪಿ ಸಾಹೇಬರಿಗೆ ಮುಟ್ಟಿತು. ದೊಡ್ಡ ಮನಸ್ಸು ಮಾಡಿ ಮೆಮೊ ಕೊಟ್ಟು ಮುಗಿಸಿದರು, ಆದರೆ ಒಂದು ಮಾತು ಸೇರಿಸಿದರು: "ರಜೆ ಮುಗಿಸ್ಕೊಂಡು ಬಂದ ದಿನ ನಾನೇ ಚೆಕ್ ಮಾಡ್ತೀನಿ. ವೆಪನ್ ಮೈಮೇಲಿರಬೇಕು, ನನ್ನ ಕಣ್ಣಿಗೆ ಬೀಳಬಾರದು. ಆಗಲ್ಲ ಅಂದ್ರೆ ಕಂಟ್ರೋಲ್ ರೂಮಲ್ಲಿ ಫೋನ್ ಎತ್ಕೊಂಡಿರಿ."

ರಜೆ ಹಾಕಿದ್ದು ತಂಗಿ ಸುಮಳ ಬಾಣಂತನಕ್ಕೆ. ಅಮ್ಮ ಇಲ್ಲ, ಇನ್ಯಾರು ಹೋಗುತ್ತಾರೆ? ಆಯುಧ ಇಟ್ಟು ಕೊಡುವ ನಮ್ಮ ಆರ್ಮರಿಯ ಹವಾಲ್ದಾರರು, "ಫಾರಿನ್‌ನಲ್ಲಿ ಹೆಂಗಸ್ರಿಗೇ ಅಂತ ಬೇರೆ ಹೋಲ್‌ಸ್ಟರ್ ಮಾಡ್ತಾರಂತೆ ಮೇಡಂ, ಅಳತೆ ತಗೊಂಡ್ಹೋಗಿ" ಎಂದರು. ಅದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಟೊರಾಂಟೊ ವಿಮಾನ ನಿಲ್ದಾಣ

ಹೊಸ ರವಿಕೆ ಹೊಲಿಸಲು ಹೋಗುವಾಗ ಅಳತೆ ರವಿಕೆ ಇಲ್ಲದೆ ಹೋಗುತ್ತೇವೆಯೇ? ಟೈಲರು ಮೊದಲು ಕೇಳುವುದೇ ಅದನ್ನು. ಹಾಗೆಯೇ ನಾನು ನಮ್ಮ ಬೀದಿಯ ಬಡಗಿಯಿಂದ ನನ್ನ ಪಿಸ್ತೂಲಿನ ಅಳತೆಗೆ ಸರಿಯಾಗಿ ಒಂದು ಮರದ ತುಂಡು ಮಾಡಿಸಿದ್ದೆ. ಉದ್ದ, ದಪ್ಪ, ಹಿಡಿ ಇಷ್ಟಿದ್ದರೆ ಸಾಕಿತ್ತು. ಆ ಪುಣ್ಯಾತ್ಮ "ಫಾರಿನ್‌ಗೆ ಹೋಗೋ ಐಟಂ, ಚೆನ್ನಾಗಿರ್ಲಿ" ಎಂದು ಹಿಡಿಗೆ ಗೀರು ಹಾಕಿ, ಬೆರಳಿಟ್ಟು ಎಳೆಯುವ ಕುದುರೆ ಕೆತ್ತಿ, ಕಪ್ಪು ಪಾಲಿಶ್ ಬೇರೆ ಹೊಡೆದುಕೊಟ್ಟಿದ್ದ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದವರು "ಮರದ್ದಾ?" ಎಂದು ಕೇಳಿ ನಕ್ಕು ಬಿಟ್ಟರು. ಇಲ್ಲಿ ಯಾರೂ ನಗಲಿಲ್ಲ. ಮೇಜಿನ ಮೇಲೆ ನನ್ನ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅಂಟಿನುಂಡೆ, ಲೇಹ್ಯದ ಡಬ್ಬಿ, ಬಜೆ, ಜಾಯಿಕಾಯಿ, ಬಾಣಂತಿಯ ಹೊಟ್ಟೆಗೆ ಕಟ್ಟಲೆಂದು ತಂದ ಅಮ್ಮನ ಎರಡು ಹಳೆಯ ನೂಲಿನ ಸೀರೆ, ಅವುಗಳ ನಡುವೆ ಪೇಪರಿನಲ್ಲಿ ಸುತ್ತಿದ ಕಪ್ಪು ಪಿಸ್ತೂಲು. ಆರಡಿ ಎತ್ತರದ ಕಸ್ಟಮ್ಸ್ ಅಧಿಕಾರಿಣಿ ಅದನ್ನು ಕೈಗವಸಿನಲ್ಲಿ ಎತ್ತಿ, ಇದೇನು ಎಂದು ಕೇಳಿದರು.

"ಅಳತೆ" ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ.

ಇನ್ನಿಬ್ಬರು ಬಂದರು. ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ನಿಜವಾದದ್ದರಂತೆ ಕಂಡರೆ ಮರದ್ದಾದರೂ ಈ ದೇಶಕ್ಕೆ ತರುವಂತಿಲ್ಲವಂತೆ. ನಾನು ಮರ್ಯಾದೆ ಉಳಿಸಿಕೊಳ್ಳಲು ನನ್ನ ಪೊಲೀಸ್ ಗುರುತಿನ ಚೀಟಿ ತೋರಿಸಿದೆ. ಅದೇ ತಪ್ಪಾಯಿತು. ಆಕೆ ಚೀಟಿ ನೋಡಿ, ನನ್ನ ಮುಖ ನೋಡಿ, "ಹಾಗಿದ್ದರೆ ನಿಮಗೆ ಇದು ಗೊತ್ತಿರಬೇಕಿತ್ತಲ್ಲ?" ಎಂದರು. ಮೆತ್ತಗೆ, ನೀರು ಬೇಕೇ ಎಂದು ಕೇಳುತ್ತಲೇ ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇಂಥ ನಾಚಿಕೆ ನನಗಾಗಿರಲಿಲ್ಲ.

ಲೇಹ್ಯವನ್ನು ಮೂಸಿ ವಾಪಸ್ ಕೊಟ್ಟರು. ಮರದ ತುಂಡನ್ನು ಇಟ್ಟುಕೊಂಡು ಒಂದು ಕಾಗದ ಕೈಗಿತ್ತರು. ಹೊರಗೆ ಸುಮಳ ಗಂಡ ಗಿರೀಶ್ ಎರಡು ಗಂಟೆಯಿಂದ ಕಾದು ಬಿಳಿಚಿಕೊಂಡಿದ್ದರು. ಕಾರಿನಲ್ಲಿ ಎಲ್ಲ ಕೇಳಿ, "ಅಕ್ಕ, ದಯವಿಟ್ಟು ಸುಮಂಗೆ ಹೇಳ್ಬೇಡಿ. ಹಸಿ ಬಾಣಂತಿ, ಗಾಬರಿ ಬೀಳ್ತಾಳೆ" ಎಂದರು. ನಾನು ಹೇಳಲಿಲ್ಲ. ಮನೆಗೆ ಹೋದ ಅರ್ಧ ಗಂಟೆಯಲ್ಲಿ ಸುಮ ಲೇಹ್ಯದ ಡಬ್ಬಿ ಎತ್ತಿಕೊಂಡಾಗ ಅದರಡಿ ಆ ಕಾಗದ ಅವಳಿಗೇ ಸಿಕ್ಕಿತು.

ಮಿಲ್ಟನ್

ಸುಮ ಇರುವ ಮಿಲ್ಟನ್ನಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಬೆಲ್ಲದಂತಿವೆ. ಅದೇ ಇಟ್ಟಿಗೆ, ಅದೇ ಗ್ಯಾರೇಜು, ಅದೇ ಒಣಕಲು ಗಿಡ. ಮೂರನೆಯ ದಿನ ವಾಕಿಂಗಿಗೆ ಹೋದವಳು ನಮ್ಮದೇ ಬೀದಿಯ ಬೇರೊಂದು ಮನೆಯ ಬಾಗಿಲಿಗೆ ನಮ್ಮ ಕೀಲಿ ಹಾಕಿ ಗುದ್ದಾಡುತ್ತಿದ್ದೆ. ಒಳಗಿನಿಂದ ಒಬ್ಬರು ಲಾಹೋರಿನ ಯಜಮಾನರು ಬಾಗಿಲು ತೆರೆದು, ಬೇಸರವಿಲ್ಲದೆ, "ನಾಲ್ಕು ಮನೆ ಆಚೆ, ಬಹನ್‌ಜಿ" ಎಂದರು. ಈ ವಾರ ನಾನು ಎರಡನೆಯವಳಂತೆ. ಕಳ್ಳರ ಜಾಡು ಹಿಡಿದು ಮನೆ ಹುಡುಕಿದವಳಿಗೆ ತಂಗಿಯ ಮನೆ ಸಿಗದೆ ಹೋಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಾಣಂತನವೂ ಸುಲಭವಾಗಿರಲಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದ ಮೊದಲ ದಿನವೇ ಚಾವಣಿಯಲ್ಲಿದ್ದ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಗಿರೀಶ್ ಕುರ್ಚಿ ಹತ್ತಿ ಟವೆಲ್ ಬೀಸಿದರು, ಮಗು ಕಿರುಚಿತು, ಸುಮ ಅತ್ತಳು. ಮಾರನೆಯ ದಿನದಿಂದ ಸಾಂಬ್ರಾಣಿ ಗ್ಯಾರೇಜಿಗೆ ಹೋಯಿತು. ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಅಮ್ಮನ ಸೀರೆಯನ್ನು ನೀಳವಾಗಿ ನಾಲ್ಕು ಮಡಿಕೆ ಮಾಡಿ ಸುಮಳ ಹೊಟ್ಟೆಗೆ ಬಿಗಿಯಾಗಿ ಸುತ್ತುವುದು ದಿನದ ಕೆಲಸ. ಸೊಂಟದ ಮೂಳೆಯ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಹಾಗೆ ಸುತ್ತಿದರೆ ಕೂತರೂ ಎದ್ದರೂ ಜಾರದು. ಅಮ್ಮ ಅತ್ತಿಗೆಗೆ ಸುತ್ತುವುದನ್ನು ನೋಡಿ ಕಲಿತದ್ದು.

ಸುಮಳಿಗೆ ನನ್ನ ಕೆಲಸದ ಬಗ್ಗೆ ಮಾತೇ ಬೇಡ. ಪಿಸ್ತೂಲು ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ, 'ಅದು' ಎನ್ನುತ್ತಾಳೆ. ಮಗು ನೋಡಲು ಧಾರವಾಡ ಕಡೆಯ ಒಬ್ಬ ಡಾಕ್ಟರಮ್ಮ ಬಂದಿದ್ದರು, ನಲವತ್ತು ವರ್ಷದ ಹಿಂದೆಯೇ ಇಲ್ಲಿಗೆ ಬಂದು ಈಗ ನಿವೃತ್ತರಾದವರು. "ನೀವೇನ್ ಮಾಡ್ತೀರಿ ಅಲ್ಲೆ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸುಮ, "ಗವರ್ನಮೆಂಟ್ ಆಫೀಸಲ್ಲಿದ್ದಾಳೆ ಆಂಟಿ. ಫೈಲ್ ವರ್ಕು" ಎಂದುಬಿಟ್ಟಳು.

ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಏನೇ, ನಾನೇನು ಕದಿಯೋ ಕೆಲ್ಸ ಮಾಡ್ತಿದೀನಾ?"

"ಇಲ್ಲಿ ಜನ ಬೇರೆ ಥರ ಯೋಚಿಸ್ತಾರೆ ಅಕ್ಕ. ನನಗೆ ಸಾಕಾಗಿದೆ. ಏರ್‌ಪೋರ್ಟಲ್ಲಿ ನಿನ್ನ ಒಳಗೆ ಹಾಕಿದ್ರೆ? ಆ ಕಂಟ್ರೋಲ್ ರೂಂಗೇ ಹೋಗು. ಕೂತ್ಕೊಂಡು ಮಾಡೋ ಕೆಲ್ಸ, ಸಂಬಳ ಅಷ್ಟೇ ತಾನೆ? ಫೋನ್ ಬಂದಾಗೆಲ್ಲ ನಿನ್ನ ಸುದ್ದಿನೇ ಏನೋ ಅಂತ ಎದೆ ಹಾರತ್ತೆ ನಂಗೆ."

ಕಾರಿನಲ್ಲಿ ಮೇಡಂ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಾರೆ. ನಾನು ಮುಂದೆ ಇದ್ದೇನೆ ಎಂಬ ಧೈರ್ಯಕ್ಕೆ ತೂಕಡಿಸುತ್ತಾರೆ. ಬೇರೆ ಗನ್‌ಮ್ಯಾನ್ ಬಂದ ದಿನ ಅವರು ನೆಟ್ಟಗೆ ಕೂತೇ ಇರುತ್ತಾರೆ ಎಂದು ಡ್ರೈವರು ಹೇಳಿದ್ದ. ಅದನ್ನು ಬಿಟ್ಟು ಫೋನು ಎತ್ತುವುದು ನನ್ನಿಂದಾಗದು. ಇದನ್ನೆಲ್ಲ ಹೇಳಬೇಕಿತ್ತು, ಹೇಳದೆ ಪಾತ್ರೆ ತೊಳೆಯಲು ಹೋದೆ.

ವಾನ್

ಗಿರೀಶ್ ಕೆಲಸ ಮಾಡುವ ಫ್ಯಾಕ್ಟರಿ ಇರುವುದು ವಾನ್ ಎಂಬ ಊರಿನಲ್ಲಿ. ಅಲ್ಲಿಗೆ ಹತ್ತಿರದಲ್ಲಿ ಬಂದೂಕಿನ ಅಂಗಡಿಯೊಂದಿದೆ ಎಂದು ಅವರೇ ಪತ್ತೆ ಮಾಡಿ, ಶನಿವಾರ ಕರೆದೊಯ್ದರು. ಹೋಗುವ ಮೊದಲು ಎಚ್ಚರಿಸಿದರು: "ಅಕ್ಕ, ನೀವೇ ಮಾತಾಡಿ. ನಾನು ಹಿಂದೆ ನಿಂತಿರ್ತೀನಿ. ನಂಗೆ ಇನ್ನೂ ಸಿಟಿಜನ್‌ಶಿಪ್ ಆಗಿಲ್ಲ."

ಅಂಗಡಿಯ ತುಂಬ ಗೋಡೆಗೊರಗಿದ ಕೋವಿಗಳು, ಗುರಿ ಹಲಗೆಗಳು, ಬೇಟೆಗೆ ಹಕ್ಕಿ ಸೆಳೆಯುವ ಬಾತುಕೋಳಿ ಗೊಂಬೆಗಳು. ಕೌಂಟರಿನ ಹಿಂದೆ ಬಿಳಿ ಮೀಸೆಯ ಇಟಲಿ ಮೂಲದ ಮುದುಕರು. ನಾನು ಗುರುತಿನ ಚೀಟಿ ಇಟ್ಟು, ಬೇಕಾದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. ಈ ದೇಶದಲ್ಲಿ ಸಾಮಾನ್ಯರು ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಓಡಾಡುವಂತಿಲ್ಲ. ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಮನೆಯಿಂದ ಗುರಿ ಹೊಡೆಯುವ ಮೈದಾನಕ್ಕೆ ಒಯ್ಯಬೇಕು, ಮೈದಾನದಿಂದ ಮನೆಗೆ ತರಬೇಕು. ಅಲ್ಲಿ ಕಟ್ಟಿಕೊಳ್ಳುವುದೆಲ್ಲ ಪ್ಯಾಂಟಿನ ಹೊರಗೆ. ಒಳಗೆ ಸಿಕ್ಕಿಸುವ ಹೋಲ್‌ಸ್ಟರನ್ನು ಕೊಳ್ಳುವವರೇ ಇಲ್ಲವಾದ್ದರಿಂದ ತರಿಸುವುದಿಲ್ಲ.

"ಅದು ಅಮೆರಿಕ, ಮೇಡಂ. ಇದು ಕೆನಡಾ" ಎಂದರು. ಆ ಮಾತನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಾರೇನೋ, ಅಷ್ಟು ರೇಗಿ ಹೇಳಿದರು.

ಅಯ್ಯೋ ಶಿವನೇ! ಫಾರಿನ್ ಎಂದರೆ ಎಲ್ಲ ಒಂದೇ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ? ಸಾವಿರಾರು ಮೈಲಿ ಹಾರಿ ಬಂದು ಪಕ್ಕದ ದೇಶದಲ್ಲಿ ಇಳಿದಿದ್ದೆ. ನನ್ನ ಮುಖ ನೋಡಿ ಮುದುಕರಿಗೆ ಕನಿಕರ ಬಂತು. ಕೆಳಗಿನ ಡ್ರಾಯರ್ ಕೆದಕಿ, ವರ್ಷಗಳ ಹಿಂದೆ ತಪ್ಪಿ ಬಂದದ್ದೆಂದು ಒಂದು ಗಟ್ಟಿ ಪ್ಲಾಸ್ಟಿಕ್ಕಿನ ಚೀಲ ತೆಗೆದರು. ಒಳಗೆ ಸಿಕ್ಕಿಸುವಂಥದ್ದೇ, ಕಬ್ಬಿಣದ ಕೊಕ್ಕೆ ಇತ್ತು. ಜೊತೆಗೆ ನನ್ನ ಪಿಸ್ತೂಲಿನ ಅಳತೆಯದೇ, ತರಬೇತಿಗೆ ಬಳಸುವ ನೀಲಿ ರಬ್ಬರಿನ ಪಿಸ್ತೂಲು ಕೊಟ್ಟು, ಹಾಕಿ ನೋಡಿ ಎಂದರು.

ಬಾತ್‌ರೂಮಿಗೆ ಹೋಗಿ ಕೊಕ್ಕೆಯನ್ನು ಚೂಡಿದಾರದ ಲಾಡಿಗೆ ಸಿಕ್ಕಿಸಿಕೊಂಡೆ. ಹಿಡಿ ಪಕ್ಕೆಲುಬಿಗೆ ತಿವಿಯಿತು. ಹೆಂಗಸರ ಸೊಂಟ ಮೇಲಿರುತ್ತದೆ ಎಂಬುದು ಇದನ್ನು ಮಾಡಿದವರಿಗೆ ಯಾರೂ ಹೇಳಿಲ್ಲ. ಇರಲಿ ಎಂದು ಹೊರಗೆ ನಾಲ್ಕು ಹೆಜ್ಜೆ ಹಾಕಿದೆ. ಐದನೆಯ ಹೆಜ್ಜೆಗೆ ಲಾಡಿ ಸಡಿಲವಾಗಿ, ಚೀಲವೂ ಪಿಸ್ತೂಲೂ ಪೈಜಾಮದೊಳಗೇ ಜಾರಿ, ತೊಡೆ ದಾಟಿ, ಮಂಡಿ ದಾಟಿ, ಕಾಲ ಬಳಿ ಬಂದು ಕೂತವು. ಬಾತುಕೋಳಿ ಗೊಂಬೆ ನೋಡುತ್ತಿದ್ದ ಇಬ್ಬರು ಗಿರಾಕಿಗಳು ಮುಖ ತಿರುಗಿಸಿಕೊಂಡರು. ಗಿರೀಶ್ ಅಂಗಡಿಯಿಂದಲೇ ಹೊರಗೆ ಹೋದರು.

ಮುದುಕರು ಮಾತ್ರ ನಗಲಿಲ್ಲ. ಕೈಬೆರಳು ಮಡಿಚಿ ನನಗೆ ಪಾಠ ಹೇಳಿದರು. ಚೀಲ ಕುದುರೆಯನ್ನು ಪೂರ್ತಿ ಮುಚ್ಚಬೇಕು, ಬೆರಳೂ ಬಟ್ಟೆಯೂ ಅದಕ್ಕೆ ತಾಗಬಾರದು. ಪಿಸ್ತೂಲು ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳಬಾರದು, ಒಂದೇ ಕೈಯಲ್ಲಿ ತಿರುಗಿ ಇಡುವಂತಿರಬೇಕು. ಎಳೆದಾಗ ಪಿಸ್ತೂಲು ಬರಬೇಕೇ ಹೊರತು ಚೀಲ ಬರಬಾರದು. ಇದೆಲ್ಲ ಆಗಬೇಕಾದರೆ ಕೆಳಗೆ ಗಟ್ಟಿ ಬೆಲ್ಟ್ ಇರಲೇಬೇಕು.

"ನಮ್ಮ ಬಟ್ಟೆಗೆ ಬೆಲ್ಟ್ ಇಲ್ಲ" ಎಂದೆ.

"ಹಾಗಾದರೆ ಮೊದಲು ಬೆಲ್ಟ್ ಹುಡುಕಿ. ಆಮೇಲೆ ಹೋಲ್‌ಸ್ಟರ್" ಎಂದರು.

ನನ್ನ ಅಳತೆಯನ್ನು ಕಸ್ಟಮ್ಸಿನವರು ಇಟ್ಟುಕೊಂಡ ಕಥೆ ಹೇಳಿದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಒಂದು ಕಂದು ಕಾಗದ ಹರಡಿ, ನೀಲಿ ಪಿಸ್ತೂಲನ್ನು ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರು. ದಪ್ಪವನ್ನೂ ಅಳೆದು ಬರೆದರು. "ಕಾಗದಕ್ಕೆ ಲೈಸೆನ್ಸ್ ಬೇಡ" ಎಂದು ಮಡಿಚಿ ಕೊಟ್ಟರು. ಆ ದೇಶಕ್ಕೆ ಹೋದ ಮೇಲೆ ನನಗೆ ಸಿಕ್ಕ ಮೊದಲ ಉಪಕಾರ ಅದು.

ನಯಾಗರ

ಭಾನುವಾರ ಎಲ್ಲರೂ ಕರೆದುಕೊಂಡು ಹೋಗುವಂತೆ ಗಿರೀಶರೂ ಕರೆದೊಯ್ದರು. ನೀಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಜನ ಕಿರುಚುತ್ತಿದ್ದರು. ನಾನು ನೀರಿನಾಚೆ ನೋಡುತ್ತಿದ್ದೆ. ಆ ದಡ ಅಮೆರಿಕ. ಅಲ್ಲಿ ಓಡಾಡುವ ಜನ, ನಿಲ್ಲಿಸಿದ ಕಾರು ಎಲ್ಲ ಕಾಣುತ್ತಿತ್ತು. ಅಲ್ಲಿ ಹೆಂಗಸರಿಗೆಂದೇ ಮಾಡಿದ ಹೋಲ್‌ಸ್ಟರುಗಳನ್ನು ಸಾಲಾಗಿ ತೂಗುಹಾಕಿರುತ್ತಾರಂತೆ. ನನ್ನ ಹತ್ತಿರ ವೀಸಾ ಇಲ್ಲ. ಗಿರೀಶ್ ಆನ್‌ಲೈನಲ್ಲಿ ನೋಡಿದರು, ಅಲ್ಲಿಂದ ಇಲ್ಲಿಗೆ ಕಳಿಸುವುದಿಲ್ಲವಂತೆ. ಹೊಟ್ಟೆ ಉರಿದುಹೋಯಿತು. ಫೋಟೊದಲ್ಲಿ ನನ್ನ ಮುಖ ಹಾಗೇಕಿದೆ ಎಂದು ಕೇಳಿದವರಿಗೆಲ್ಲ ಚಳಿ ಎಂದು ಹೇಳಿದ್ದೇನೆ.

ಮಿಲ್ಟನ್, ಮತ್ತೆ

ಆಮೇಲಿನ ಮೂರು ವಾರ ನಾನು ನನ್ನ ಸೊಂಟದ ಮೇಲೆ ಮಾಡದ ಪ್ರಯೋಗವಿಲ್ಲ. ತೂಕಕ್ಕೆ ಒಂದು ಉಂಡೆ ಬೆಲ್ಲ ಸಿಕ್ಕಿತು. ತುಂಬಿದ ಪಿಸ್ತೂಲಿನ ಭಾರ ನನ್ನ ಕೈಗೆ ಗೊತ್ತು, ಬ್ರ್ಯಾಂಪ್ಟನ್ನಿನ ಅಂಗಡಿಯಿಂದ ಗಿರೀಶ್ ತಂದ ಬೆಲ್ಲದುಂಡೆ ಹೆಚ್ಚುಕಡಿಮೆ ಅಷ್ಟೇ ಭಾರವಿತ್ತು. ಅದನ್ನು ಗಿರೀಶರ ಕಾಲುಚೀಲಕ್ಕೆ ಹಾಕಿ ಲಾಡಿಯೊಳಗೆ ಸಿಕ್ಕಿಸಿಕೊಂಡು ಮನೆಗೆಲಸ ಮಾಡಿದೆ. ಮಗುವಿಗೆ ನೀರು ಹುಯ್ಯಲು ಬಗ್ಗಿದರೆ ಮುಂದಕ್ಕೆ ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಹಿಂದಕ್ಕೆ ಹೋಗುತ್ತಿತ್ತು. ಗಿರೀಶರ ಬೆಲ್ಟನ್ನು ಕುರ್ತಾದ ಒಳಗೆ ಕಟ್ಟಿಕೊಂಡು ನೋಡಿದೆ. ಪ್ಯಾಂಟಿನ ಕುಣಿಕೆಗಳಿಲ್ಲದ ಬೆಲ್ಟು ಬಳೆಯಂತೆ ಸುತ್ತುತ್ತದೆ, ಪಿಸ್ತೂಲು ಹೊಕ್ಕುಳಿಗೆ ಬರುತ್ತದೆ. ಒಂದು ಮಧ್ಯಾಹ್ನ ಮೈಕಾವಿಗೆ ಬೆಲ್ಲ ಕರಗಿ ಕಾಲುಚೀಲ ಸೊಂಟಕ್ಕೆ ಅಂಟಿಕೊಂಡಿತು. ಥೂ, ಯಾಕೆ ಬೇಕು ಈ ಕರ್ಮ ಎಂದು ಬಚ್ಚಲಲ್ಲಿ ನಿಂತು ಅಳುವಂತಾಯಿತು. ರಜೆ ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಸುಮ ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಎಣ್ಣೆನೀರು ಮುಗಿಸಿ ಅವಳನ್ನು ನಿಲ್ಲಿಸಿಕೊಂಡು ಹೊಟ್ಟೆಗೆ ಸೀರೆ ಸುತ್ತುತ್ತಿದ್ದೆ. ಹೊಸ ಬೆಲ್ಲದುಂಡೆ ನನ್ನ ಸೊಂಟದಲ್ಲಿತ್ತು. ಕೊನೆಯ ಸುತ್ತು ಬಿಗಿಯಲು ಬಗ್ಗಿದೆ ನೋಡಿ, ಅದು ಜಾರಿ, ನೇರ ಸುಮಳ ಕಾಲ್ಬೆರಳಿನ ಮೇಲೆ ಬಿತ್ತು.

"ಅಮ್ಮಾ!" ಎಂದು ಕೂಗಿದಳು. ಮಗು ಎದ್ದು ಅಳತೊಡಗಿತು. ಸುಮ ಒಂದು ಕಾಲಿನಲ್ಲಿ ಮಂಚ ಹಿಡಿದು ನಿಂತು ನನ್ನ ಮೇಲೆ ಹರಿಹಾಯ್ದಳು. "ಏನಕ್ಕ ಇದು ನಿನ್ನ ಹುಚ್ಚು! ಒಂದೂವರೆ ತಿಂಗಳಿಂದ ನೋಡ್ತಿದೀನಿ. ಆ ಅಂಗಡಿ, ಈ ಬೆಲ್ಟು, ಬೆಲ್ಲ, ಕಾಲುಚೀಲ! ದಿನಾ ಬೆಳಿಗ್ಗೆ ನನ್ನ ಹೊಟ್ಟೆ ಕಟ್ತೀಯಲ್ಲ, ಸಂಜೆ ತನಕ ಒಂದಿಂಚು ಜಾರಲ್ಲ ಇದು. ನಿನ್ನ ಸೊಂಟಕ್ಕೂ ಹೀಗೇ ಕಟ್ಕೊಳ್ಳಕ್ಕೆ ನಿಂಗೇನು ಧಾಡಿ?"

ನಾನು ಸೀರೆಯ ತುದಿ ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟೆ. ಮೊದಲು ಬೆಲ್ಟ್ ಹುಡುಕಿ ಎಂದಿದ್ದರು ಆ ಮುದುಕರು. ಅದು ದಿನವೂ ನನ್ನ ಕೈಯಲ್ಲೇ ಇತ್ತು. ಲಾಡಿಯ ಹಂಗಿಲ್ಲ, ಪ್ಯಾಂಟಿನ ಹಂಗಿಲ್ಲ, ಸೊಂಟದ ಮೂಳೆಯನ್ನೇ ಹಿಡಿದು ಕೂರುವ ಗೇಣಗಲದ ಪಟ್ಟಿ. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಏಳು, ಏನು ಮಿಕಿಮಿಕಿ ನೋಡ್ತೀಯ" ಎಂದು ಸುಮ ಬಾಚಿಹಿಡಿದು ನನ್ನನ್ನು ಎಬ್ಬಿಸಿದಳು. ಅಮ್ಮನ ಇನ್ನೊಂದು ಸೀರೆಯನ್ನು ಪೆಟ್ಟಿಗೆಯಿಂದ ಎಳೆದು, ಮಡಿಚಿ, ಬಗ್ಗಬೇಡ ಕಣೇ ಎಂದರೂ ಕೇಳದೆ ಬಗ್ಗಿ ನನ್ನ ಸೊಂಟಕ್ಕೆ ಸುತ್ತಿದಳು. ಮೂಳೆಯ ಕೆಳಗಿನಿಂದ ಮೇಲಕ್ಕೆ, ಸರಿಯಾಗಿ ಅಮ್ಮನ ಹಾಗೆಯೇ. ಕಾಲುಚೀಲದ ಬೆಲ್ಲವನ್ನು ಎರಡು ಸುತ್ತಿನ ನಡುವೆ ಬಲಕ್ಕೆ ಸಿಕ್ಕಿಸಿ, "ಈಗ ಹಾರು" ಎಂದಳು. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿದೆ, ಕುಕ್ಕರುಗಾಲಲ್ಲಿ ಕೂತೆ, ಬಗ್ಗಿದೆ, ಓಡಿದೆ. ಬೆಲ್ಲ ಅಲ್ಲೇ ಇತ್ತು.

ಬ್ರ್ಯಾಂಪ್ಟನ್

ಬಟ್ಟೆಯ ಮಡಿಕೆಗೆ ನಿಜವಾದ ಪಿಸ್ತೂಲು ಸಿಕ್ಕಿಸಿದರೆ ಮುದುಕರು ಹೇಳಿದ ಒಂದು ಮಾತೂ ನಡೆಯುವುದಿಲ್ಲ. ಕುದುರೆ ಮುಚ್ಚುವುದಿಲ್ಲ, ಬಾಯಿ ತೆರೆದಿರುವುದಿಲ್ಲ. ಹೊಲಿಯುವವರು ಬೇಕಿತ್ತು. ಗಿರೀಶ್ ತಮ್ಮ ಫ್ಯಾಕ್ಟರಿಯ ಸರದಾರ್ಜಿಯನ್ನು ಕೇಳಿಕೊಂಡು ಬಂದು ಬ್ರ್ಯಾಂಪ್ಟನ್ನಿನ ಹರ್ಜೀತ್ ಆಂಟಿಯ ವಿಳಾಸ ಕೊಟ್ಟರು. ಮನೆಯ ಬೇಸ್‌ಮೆಂಟಿನಲ್ಲಿ ಹೊಲಿಗೆ, ಗಂಡ ಟ್ರಕ್ ಓಡಿಸುತ್ತಾರೆ. ಲಂಗ, ಪರದೆ, ಯೂನಿಫಾರ್ಮು, ಎಲ್ಲ ಮಾಡುತ್ತಾರೆ. ಮುಖ್ಯವಾಗಿ ಸಿಖ್ಖರು ಧರ್ಮದ ಗುರುತಾಗಿ ಬಟ್ಟೆಯೊಳಗೆ ಧರಿಸುವ ಪುಟ್ಟ ಕತ್ತಿ, ಕಿರ್‌ಪಾನಿನ ಪಟ್ಟಿ ಹೊಲಿಯುತ್ತಾರೆ.

ನಾನು ಹೆದರಿಕೊಂಡೇ ಕಾಗದ ಬಿಡಿಸಿದೆ. ಈ ದೇಶದಲ್ಲಿ ಈ ಆಕಾರ ನೋಡಿದವರೆಲ್ಲ ಹೌಹಾರಿದ್ದನ್ನು ಕಂಡಿದ್ದೆ. ಜೊತೆಗೆ ಗುರುತಿನ ಚೀಟಿಯನ್ನೂ ಇಟ್ಟೆ. ಆಂಟಿ ಕನ್ನಡಕ ಏರಿಸಿ ಚೀಟಿ ಓದಿದರು.

"ಪುಲೀಸ್? ತೂ?" ಎಂದು, ನೀನಾ ಎಂಬಂತೆ ಬೆರಳು ಮಾಡಿದರು. ಎದ್ದು ಬಂದು ನನ್ನ ಬೆನ್ನಿಗೊಂದು ಗುದ್ದಿದರು. "ಶಾಬಾಶ್ ಪುತ್ತರ್! ಮತ್ತೆ ಯಾಕೆ ಕಳ್ಳಿ ಥರ ನಿಂತಿದೀಯ?" ಎಂದು ಹಿಂದಿಯಲ್ಲಿ ಕೇಳಿದರು. ಮನೆಯಲ್ಲಿ ಒಂದೂವರೆ ತಿಂಗಳಿಂದ ಫೈಲ್ ವರ್ಕಿನವಳಾಗಿದ್ದ ನಾನು ನೆಟ್ಟಗೆ ನಿಂತೆ.

ಅವರು ತಮ್ಮ ಕಮೀಜಿನ ಬದಿ ಸರಿಸಿ ತೋರಿಸಿದರು. ಮೂವತ್ತು ವರ್ಷದಿಂದ ಹಗಲಿಡೀ ಧರಿಸಿದ ಪುಟ್ಟ ಕಿರ್‌ಪಾನು, ಆದರೂ ಮೈಮೇಲೆ ಒಂದು ಗೀರಿಲ್ಲ. ಮೈಗೆ ತಾಗುವ ಕಡೆ ಹಳೆಯ ನೂಲಿನ ಬಟ್ಟೆ ಇರಬೇಕು, ಹೊಸದು ಉಜ್ಜುತ್ತದೆ. ಗಟ್ಟಿಯಾದದ್ದು ಹೊರಗಿರಬೇಕು. ಹೊಲಿಗೆ ಯಾವತ್ತೂ ಮೂಳೆಯ ಮೇಲೆ ಬರಬಾರದು, ಅಂಚನ್ನು ಹೊರಕ್ಕೆ ಮಡಿಚಬೇಕು. ನಮ್ಮ ಚರ್ಮದ ಚೀಲದವರು ಈ ನಾಲ್ಕನ್ನೂ ತಿರುಗಾಮುರುಗಾ ಮಾಡಿದ್ದರು. ನನ್ನ ಸೊಂಟದ ಕಲೆ ನೋಡಿ ಆಂಟಿ "ಹಾಯ್ ರಬ್ಬಾ" ಎಂದು ನಾಲಗೆ ಕಚ್ಚಿಕೊಂಡರು.

ಪಟ್ಟಿಯ ಹೊರಮೈಗೆ ಅವರ ಗಂಡ ಟ್ರಕ್ಕಿನಲ್ಲಿ ಸರಕು ಬಿಗಿಯುವ ದಪ್ಪ ನೈಲಾನ್ ಪಟ್ಟಿಯ ತುಂಡು ಬಂತು. ಕುದುರೆ ಮುಚ್ಚಲು, ಬಾಯಿ ತೆರೆದಿರಲು ಹಳೆಯ ಸೂಟ್‌ಕೇಸೊಂದರ ಗಟ್ಟಿ ಹಲಗೆಯನ್ನು ಕತ್ತರಿಸಿ, ಕಾಗದದ ಗೆರೆಯಂತೆ ಬಗ್ಗಿಸಿ ನಡುವೆ ಇಟ್ಟು ಹೊಲಿದರು. ಮೂರು ಸಲ ಹೋಗಬೇಕಾಯಿತು, ಎರಡು ಸಲ ಬಿಚ್ಚಿ ಹೊಲಿದರು. ಒಂದು ಸಲ ಹಿಡಿ ಪಕ್ಕೆಗೆ ತಾಗಿತು, ಇನ್ನೊಂದು ಸಲ ಕೂತರೆ ತೊಡೆಗೆ ಚುಚ್ಚಿತು. ನಾನು ಮುಖ ಗಂಟಿಕ್ಕಿದರೆ ಅವರೂ ಗಂಟಿಕ್ಕುತ್ತಿದ್ದರು. ಕೊನೆಗೆ ಬಲಗಡೆ ಮೂಳೆಯ ಸ್ವಲ್ಪ ಹಿಂದೆ, ಹಿಡಿ ಮುಂದಕ್ಕೆ ಓರೆಯಾಗಿ, ಅದಕ್ಕೆ ಬೇಕಾದ ಜಾಗ ಸಿಕ್ಕಿತು.

"ಒಳಗಿನ ಬಟ್ಟೆಗೆ ಏನು ಹಾಕಲಿ? ಮೆತ್ತಗಿನ ಹಳೇದು ಬೇಕು" ಎಂದು ಆಂಟಿ ಕೇಳಿದಾಗ ನಾನು ಮನೆಗೆ ಫೋನು ಮಾಡಿದೆ. ಅಮ್ಮನ ಸೀರೆ ಕತ್ತರಿಸಲೇ ಎಂದು ಸುಮಳನ್ನು ಕೇಳದೆ ಹೇಗೆ? ಉಳಿದಿದ್ದು ಅವೆರಡೇ.

"ಸೆರಗಿನ ಕಡೆದು ಕತ್ತರಿಸ್ಬೇಡ. ಅದು ನಂಗಿರ್ಲಿ" ಎಂದಳು.

ಬೆಂಗಳೂರು

ಹೋಗುವಾಗ ಮರದ ತುಂಡಿನಿಂದ ಆದ ಭಂಗಕ್ಕೆ ಹೆದರಿ, ಬರುವಾಗ ಪಟ್ಟಿಯನ್ನು ಅಂಟಿನುಂಡೆಯ ಖಾಲಿ ಡಬ್ಬಿಯಲ್ಲಿ ಸುತ್ತಿಟ್ಟಿದ್ದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಬಾಣಂತಿ ಬಟ್ಟೆ ಎನ್ನುತ್ತಿದ್ದೆ, ಸುಳ್ಳೂ ಆಗುತ್ತಿರಲಿಲ್ಲ. ಆರ್ಮರಿಯಲ್ಲಿ ನನ್ನ ಪಿಸ್ತೂಲನ್ನು ತೆಗೆದುಕೊಂಡು ಮೊದಲ ಸಲ ಅದರಲ್ಲಿ ಇಟ್ಟು ನೋಡಿದೆ. ಒಂದು ಕೂದಲಿನಷ್ಟೂ ಬಿಗಿಯಿಲ್ಲ, ಸಡಿಲವಿಲ್ಲ. ಖಾಲಿ ಪಿಸ್ತೂಲಿನಲ್ಲಿ ಐವತ್ತು ಸಲ ತೆಗೆದು ಇಟ್ಟು ಅಭ್ಯಾಸ ಮಾಡಿದೆ.

ಡಿಸಿಪಿ ಸಾಹೇಬರ ಕೋಣೆಗೆ ಹೋದದ್ದು ಹಳದಿ ಸೀರೆಯಲ್ಲಿ. ಅವರು ನನ್ನ ಸುತ್ತ ಒಂದು ಸುತ್ತು ಬಂದರು. ಕೂರಿ ಎಂದರು, ಕೂತೆ. ನೆಲದಿಂದ ಪೆನ್ನು ಎತ್ತಿಕೊಡಿ ಎಂದರು, ಕೊಟ್ಟೆ. ಇನ್ನೊಂದು ಸುತ್ತು ಬಂದು ಮುಖ ಗಂಟಿಕ್ಕಿದರು.

"ವೆಪನ್ ಎಲ್ರೀ? ಮತ್ತೆ ಬ್ಯಾಗಲ್ಲೇ ಬಿಟ್ ಬಂದ್ರಾ?"

"ಬ್ಯಾಗೇ ತಂದಿಲ್ಲ ಸಾರ್" ಎಂದೆ. ಸೆರಗಿನ ಬದಿಗೆ ಕೈ ಹೋಯಿತು, ಖಾಲಿ ಮಾಡಿದ ಪಿಸ್ತೂಲು ಮೇಜಿನ ಮೇಲೆ ಬಂತು. ಅವರು ಅದನ್ನು ನೋಡಿ ನನ್ನ ಸೊಂಟ ನೋಡಿದರು, ಅಲ್ಲಿ ಸೀರೆ ಮಾತ್ರ ಇತ್ತು. ಯಾವ ಕಂಪನಿಯದು ಎಂದು ಕೇಳಿದರು. ಕೆನಡಾದಲ್ಲಿ ಮಾಡಿಸಿದ್ದು ಎಂದೆ, ಹೆಚ್ಚು ವಿವರಿಸಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ನಾಲ್ಕು ಮಹಿಳಾ ಸಿಬ್ಬಂದಿಗೂ ಬೇಕಾಗುತ್ತದೆ, ಎಲ್ಲಿ ಸಿಗುತ್ತದೆ ಬರೆದುಕೊಡಿ ಎಂದರು. ಮಧ್ಯಾಹ್ನ ಮೇಡಂ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಸಂಜೆ ಸುಮಳಿಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ. ಹಿಂದೆ ಮಗು ಅಳುತ್ತಿತ್ತು, ಯಾರೋ ಹೆಂಗಸಿನ ದನಿಯೂ ಕೇಳುತ್ತಿತ್ತು.

"ಪಾಸ್ ಆಯ್ತಾ?" ಎಂದಳು ಮೊದಲು.

"ಆಯ್ತು ಕಣೇ. ಅವ್ರಿಗೆ ಕಾಣಿಸ್ಲೇ ಇಲ್ಲ."

"ಹಂಗಾದ್ರೆ ಇರು." ಫೋನಿನಿಂದ ಬಾಯಿ ಸರಿಸಿ ಅವಳು ಆ ಹೆಂಗಸಿಗೆ ಹೇಳುವುದು ಕೇಳಿಸಿತು. "ನಮ್ಮಕ್ಕ ಆಂಟಿ. ಅವತ್ತು ಸುಳ್ಳು ಹೇಳ್ಬಿಟ್ಟಿದ್ದೆ ನಿಮಗೆ. ಪೊಲೀಸಲ್ಲಿದ್ದಾಳೆ, ಪಿಸ್ತೂಲ್ ಇಟ್ಕೊಂಡೇ ಓಡಾಡ್ತಾಳೆ." ಡಾಕ್ಟರಮ್ಮ "ಹೌದೇನು!" ಎಂದರು.

ಮತ್ತೆ ನನ್ನ ಕಡೆ ಬಂದು ಸಿಡಿಮಿಡಿಗೊಂಡಳು. "ಅಲ್ಲ ಅಕ್ಕ, ಬೆಂಗಳೂರ ಸೆಕೆಗೆ ದಿನಾ ಬೆವರತ್ತೆ. ಅದನ್ನ ಒಗೆದು ಒಣಗಿ ಹಾಕಿದ ದಿನ ಏನು ಕಟ್ಕೋತೀಯ? ಸೆರಗಿನ ಕಡೆದು ಹಾಗೇ ಇದೆ. ಶನಿವಾರ ಹರ್ಜೀತ್ ಆಂಟಿ ಹತ್ರ ಹೋಗಿ ಇನ್ನೊಂದು ಹೊಲಿಸ್ತೀನಿ. ಆ ಅಳತೆ ಕಾಗದ ಇಲ್ಲೆಲ್ಲಿಟ್ಟಿದೀಯ ಹೇಳು."